ಚಾರ್ಜು ಎಷ್ಟು ದೂರ

ಡ್ಯೂಟಿ ಮುಗಿಸಿ ನೇರ ಬಂದಿದ್ದಳು ಅವ್ವ,
ಖಾಕಿ ಅಂಗಿಯ ಕಿಸೆ ಮ್ಯಾಲ ಸುಗಲಾಬಾಯಿ ಎಂಬ ಬಿಲ್ಲೆ,
ಬೆರಳ ತುದಿಗೆ ಚಿಲ್ಲರೆಯ ಕಪ್ಪು.
ಸೂಪರ್ ಮಾರ್ಕೆಟ್ಟಿನ ಮ್ಯಾಲಿನ ಅಂಗಡಿ,
ಗಾಜಿನ ಬಾಗಿಲು ದೂಡಿದರೆ ಎ.ಸಿ.,
ಮೇ ತಿಂಗಳ ಕಲಬುರಗಿಗೆ ಒಳಗ ಪ್ರವೇಶ ಇಲ್ಲ.

ನಾನು ಮೊದಲೇ ಆರಿಸಿಟ್ಟಿದ್ದೆ.
ಬೆಳ್ಳಿ ಬಣ್ಣದ್ದು, ಇನ್ನೂರು ಪೇಜಿನ ನೋಟಬುಕ್ಕಿನಷ್ಟು ತೆಳ್ಳಗ,
ಅದರ ಉದ್ದನೆಯ ನಂಬರು ನನಗ ಬಾಯಿಪಾಠ.

ಜಿಲಾನಿ ಸಾಬ್ ಶುರು ಮಾಡಿದರು:
"ಎಂಟು ಜಿಬಿ ರ‍್ಯಾಮ್ ಅದ ಬಾಯಿ, ಐದುನೂರಾ ಹನ್ನೆರಡು..."
"ರ‍್ಯಾಮ್ ಅಂದ್ರ?"
ಬಿಲ್ಲೆ ನೋಡಿ ನಕ್ಕರು. "ಸೀಟು ಇದ್ದಂಗ.
ಒಮ್ಮಿಗೆ ಎಷ್ಟು ಮಂದಿ ಕೂಡಬಹುದು ಅಂತ."
"ಆ ಐದುನೂರು?"
"ಡಿಪೋ. ರಾತ್ರಿ ಬಂಡಿ ನಿಲ್ಲೋ ಜಾಗ."
"ಸೀಟು ತುಂಬಿದ ಮ್ಯಾಲ ಮಂದಿ ಹತ್ತಿದ್ರ?"
ಸಾಬರು ಒಂದು ಗಳಿಗಿ ಸುಮ್ಮನಾದರು.
"ನಿಂತು ಹೋಗತಾರ ಬಾಯಿ. ಬಂಡಿ ನಿಧಾನ ಆಗತದ."
"ತಿಳೀತು ಬಿಡ್ರಿ," ಅಂದಳು,
ಐವತ್ತು ಸೀಟಿನ ಬಸ್ಸಿನಾಗ ತೊಂಬತ್ತು ಮಂದಿಯ ನಡುವ
ಹನ್ನೊಂದು ವರ್ಷ ತೂರಿಕೊಂಡು ನಡೆದವಳು.

ನನಗ ನಾಚಿಕಿ.
ಬಾಜೂಕ ಇಬ್ಬರು ಹುಡುಗರು
ಗ್ರಾಫಿಕ್ಸು ಗ್ರಾಫಿಕ್ಸು ಅನ್ನಲತ್ತಿದ್ದರು.
ನಾನು ಬಿಎಸ್ಸಿ, ಸ್ಟ್ಯಾಟಿಸ್ಟಿಕ್ಸು;
ಖರೇ ಹೇಳಬೇಕಂದರ ನನಗ ಬೇಕಾಗಿದ್ದು
ಆ ಬೆಳ್ಳಿ ಬಣ್ಣ, ಮತ್ತೇನೂ ಅಲ್ಲ.

"ಚಾರ್ಜು ಎಷ್ಟು ದೂರ ಬರತದ?"
ಎಷ್ಟು ಹೊತ್ತು ಅನ್ನಲಿಲ್ಲ. ಎಷ್ಟು ದೂರ.
ಹುಡುಗರು ಕಿಸಕ್ಕನೆ ನಕ್ಕರು.
ಅವರಿಗೇನು ಗೊತ್ತು,
ಆಳಂದದ ದಾರಿಯಾಗ, ಕಡಗಂಚಿ ದಾಟಿದ ಕೂಡಲೇ
ಅವಳ ಟಿಕೆಟ್ ಮಷೀನು ಕಣ್ಣು ಮುಚ್ಚಿದ್ದು,
ಮುಂದಿನ ಸ್ಟಾಪಿನ್ಯಾಗ ಚೆಕ್ಕಿಂಗಿನವರು ಹತ್ತಿದ್ದು,
ಇಪ್ಪತ್ತಾರು ಮಂದಿಯ ಕೈ ಖಾಲಿ.
ಮೆಮೊ ಬಂದ ದಿನ ಮನಿಯಾಗ ರೊಟ್ಟಿ ಹಂಗೇ ಸೆಟೆದು ಕೂತಿದ್ದವು.

"ಇದನ್ನ ಹೊರಗ ತರ್ರಿ."
"ಹೊರಗ?"
"ನಮ್ಮದು ತಗಡಿನ ಮನಿ ಅದರೀ. ಎ.ಸಿ. ಇಲ್ಲ."

ಮೆಟ್ಟಲ ಪರಸಿ ಚಪ್ಪಲಿಯೊಳಗಿಂದ ಸುಡಲತ್ತಿತ್ತು.
ಸ್ಟೂಲಿನ ಮ್ಯಾಲ ಬೆಳ್ಳಿಯದು;
ಪರದೆಯಾಗ ನನ್ನ ಮುಖ ಬಿಟ್ಟರ ಏನೂ ಕಾಣಲಿಲ್ಲ.
ಹತ್ತು ನಿಮಿಷಕ್ಕ ಅದರ ಫ್ಯಾನು ಏದುಸಿರು ಬಿಟ್ಟಿತು.
ಅವ್ವ ಬಗ್ಗಿ ಕಿವಿ ಹಚ್ಚಿದಳು, ಡ್ರೈವರ್ ಹಣಮಂತ್ರಾಯ
ಬಾನೆಟ್ಟಿಗೆ ಹಚ್ಚುವಂಗ.
"ಇದು ಏರು ಹತ್ತಲ್ಲ."

ಮೂರನೆಯದು ಯಾವುದೋ ಆಫೀಸಿನಿಂದ ಬಂದದ್ದು.
ಕರ‍್ರಗ, ಇಟ್ಟಂಗಿಯಷ್ಟು ದಪ್ಪ,
ಒಂದೆರಡು ಗುಂಡಿಯ ಅಕ್ಷರ ಸವೆದು ಹೋಗ್ಯಾವ,
ಬೆನ್ನಿಗೆ ಅರ್ಧ ಕಿತ್ತ ಚೀಟಿ. ಬ್ಯಾಟರಿ ಹೊಸದು.
ಬಿಸಿಲಿನಾಗ ಕೂತು ಗೊಣಗಲಿಲ್ಲ.
ಇಪ್ಪತ್ತೆರಡು ಸಾವಿರ; ಅವ್ವ ಒಂದೂವರೆ ಇಳಿಸಿ
ಮ್ಯಾಲೊಂದು ಚೀಲ ಇಸಕೊಂಡಳು.
ನೋಟು ಎಣಿಸುವಾಗ ಅವಳ ಬೆರಳು
ಅಂಗಡಿಯ ಮಷೀನಿಗಿಂತ ಮುಂದಿತ್ತು.

ಸಿಟಿ ಬಸ್ಸಿನಾಗ ನಾನು ಮಾತಾಡಲಿಲ್ಲ.
ಕಂಡಕ್ಟರ್ ನನಗೊಂದು ಝೀರೋ ಟಿಕೆಟ್ ಹರಿದು
ಅವ್ವನ ತೊಡಿ ಮ್ಯಾಲಿನ ಚೀಲ ನೋಡಿ ಕೇಳಿದ:
"ಅಕ್ಕಾ, ಲಗೇಜಾ?"
"ಅಲ್ಲಪಾ. ಸ್ಟೂಡೆಂಟ್ ಪಾಸು."

ರಾತ್ರಿ ಎಕ್ಸೆಲ್ ತೆಗೆದೆ. ಅಡ್ಡ ಗೆರಿ, ಉದ್ದ ಗೆರಿ.
ಹೆಗಲ ಹಿಂದಿಂದ ಅವ್ವ: "ಇದು ನಮ್ಮ ವೇಬಿಲ್ ಅಲ್ಲೇನ?"
ಹತ್ತಿದವರು, ಇಳಿದವರು, ಬಂದ ರೊಕ್ಕ,
ಒಂದೊಂದೇ ಮನಿ ತೋರಿಸಿ ತುಂಬಿಸಿದಳು.
ಮೊತ್ತ ತಾನಾಗೇ ಬಂದಾಗ
ಒಮ್ಮೆ ಬೆರಳ ಮ್ಯಾಲ ಎಣಿಸಿ ನೋಡಿದಳು, ನಂಬಿಕಿ ಸಾಲದೆ.

ಅಷ್ಟರಾಗ ಕರೆಂಟು ಹೋಯಿತು.
ಫ್ಯಾನು ನಿಂತಿತು, ಓಣಿ ಎಲ್ಲ ಹೊರಗ ಬಂತು.
ಕತ್ತಲಾಗ ಅದೊಂದೇ ಉರಿಯುತ್ತಿತ್ತು.
"ಎಷ್ಟು ಉಳದದ?"
"ಅರವತ್ಮೂರು."
ಮನಸಿನಾಗ ಸ್ಟಾಪು ಎಣಿಸಿದಳೇನೋ, ತುಟಿ ಅಲುಗಿದವು.
"ಆಳಂದಕ್ಕ ಹೋಗಿ ಬರಲಾಕ ಸಾಕು."

ಆ ಬೆಳ್ಳಿ ಬಣ್ಣ ಇನ್ನೂ ನೆನಪಾಗತದ ನನಗ. ಸುಳ್ಳು ಯಾಕ ಹೇಳಲಿ.